ಎರಡು ಲೈನ್ ಇದೆ ಅಂತ ನಂಬಿ ಕೂರಬೇಡಿ

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೋಂಸ್ಟೇ. ಕೋಣೆಗಳು, ಅಡುಗೆಮನೆ, ಆಫೀಸು, ತೋಟದ ಗೇಟು ಎಲ್ಲ ಸೇರಿ ಒಂಬತ್ತು ಫೋನು. ಹೊರಗಿನವರಿಗೆ ಒಂದೇ ನಂಬರ್. ಹಳೇ ಲ್ಯಾಂಡ್‌ಲೈನ್ ತೆಗೆಸಿ ಐಪಿ ಪಿಬಿಎಕ್ಸ್ (ಇಂಟರ್‌ನೆಟ್ ಮೇಲೆ ನಡೆಯುವ, ಒಳಗಿನ ಫೋನುಗಳನ್ನೆಲ್ಲ ಜೋಡಿಸುವ ಯಂತ್ರ) ಹಾಕಿಸಿದಾಗ, ಹಾಕಲು ಬಂದ ಹುಡುಗ ಹೇಳಿದ್ದು ಇಷ್ಟು: "ಎರಡು ಕಂಪನಿ ಫೈಬರ್, ಅದರ ಮೇಲೆ ಒಂದು 4ಜಿ ಸಿಮ್. ಒಂದು ಹೋದ್ರೆ ಇನ್ನೊಂದು ಎತ್ಕೊಳ್ಳುತ್ತೆ ಸಾರ್, ಆರಾಮಾಗಿರಿ." ಆರಾಮಾಗಿಯೇ ಇದ್ದೆವು, ಕಕ್ಕಡದ, ಅಂದರೆ ಕೊಡಗಿನ ಮಳೆಗಾಲದ ತಿಂಗಳ, ಮಳೆ ಹಿಡಿಯುವ ತನಕ.

ಆಗಸ್ಟ್ 3ಕ್ಕೆ, ಕಕ್ಕಡದ ಹದಿನೆಂಟನೇ ದಿನ, ಮದ್ದು ಸೊಪ್ಪಿನ ರಸದ ಪಾಯಸ ತಿನ್ನಲು ಮೈಸೂರಿನಿಂದ ಎರಡು ಕುಟುಂಬ ಬರುವುದಿತ್ತು. ಹಿಂದಿನ ರಾತ್ರಿ ಗಾಳಿಗೆ ಪಕ್ಕದ ತೋಟದ ಸಿಲ್ವರ್ ಮರ ರಸ್ತೆಗೆ ಬಿತ್ತು. ಎರಡು ಕಂಬ ಮುರಿದವು. ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಎರಡೂ ಫೈಬರ್ ಆ ಮರದಡಿ ಕೆಸರಲ್ಲಿ ಬಿದ್ದಿವೆ. ಕಂಪನಿ ಬೇರೆ, ಬಿಲ್ ಬೇರೆ, ಕಂಬ ಮಾತ್ರ ಒಂದೇ! ಎರಡು ವರ್ಷ ಅದರ ಕೆಳಗೇ ಓಡಾಡಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಸರಿ, ಸಿಮ್ ಇದೆಯಲ್ಲ ಅಂದುಕೊಂಡೆ. ರೂಟರ್ ಅದಕ್ಕೂ ತಿರುಗಲಿಲ್ಲ. ಫೈಬರ್ ಡಬ್ಬಿಯಲ್ಲಿ ಕೆಂಪು ಲೈಟು ಮಿಣುಕುತ್ತಿತ್ತು, ಆದರೆ ಡಬ್ಬಿಯಿಂದ ರೂಟರ್‌ಗೆ ಬರುವ ವೈರ್‌ನ ಹಸಿರು ಲೈಟು ಹಾಗೇ ಉರಿಯುತ್ತಿತ್ತು. ರೂಟರ್ ನೋಡುತ್ತಿದ್ದದ್ದು ಆ ಹಸಿರು ಲೈಟನ್ನು ಮಾತ್ರ. ಆಚೆ ಇಂಟರ್‌ನೆಟ್ ಇದೆಯೋ ಇಲ್ಲವೋ ಅಂತ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಮಾಡಿ ನೋಡುವ ಸೆಟ್ಟಿಂಗ್ ಅದರಲ್ಲೇ ಇತ್ತು, ಆನ್ ಮಾಡಿರಲಿಲ್ಲ ಅಷ್ಟೇ. ಕೊನೆಗೆ ನಾನೇ ಎರಡೂ ವೈರ್ ಕಿತ್ತ ಮೇಲೆ ಸಿಮ್‌ಗೆ ಬಂತು.

ಇಂಟರ್‌ನೆಟ್ ಬಂತು. ಲ್ಯಾಪ್‌ಟಾಪಲ್ಲಿ ಮೇಲ್ ತೆರೆಯಿತು. ಫೋನುಗಳಲ್ಲಿ ಲೈಟು ಉರಿಯಿತು, ಅಡುಗೆಮನೆಯಿಂದ ಆಫೀಸಿಗೆ ರಿಂಗೂ ಆಯಿತು. ಸದ್ಯ, ಎಲ್ಲ ಸರಿಹೋಯಿತು ಅಂತ ಕಾಫಿ ಕುಡಿಯುತ್ತಾ ಕೂತೆ. ನಾನು ಸಿಕ್ಕಿಬಿದ್ದದ್ದು ಇಲ್ಲೇ. ನಮ್ಮ ಹೊರಗಿನ ನಂಬರಿನ ಕರೆಗಳನ್ನು ಇಂಟರ್‌ನೆಟ್ ಮೂಲಕ ಪಿಬಿಎಕ್ಸ್‌ಗೆ ತರುವ ಲೈನಿಗೆ ಸಿಪ್ ಟ್ರಂಕ್ ಅಂತಾರೆ; ಅದನ್ನು ಮೊದಲನೇ ಕಂಪನಿ ತನ್ನ ಫೈಬರ್ ಮೇಲೆ ಮಾತ್ರ ಕೊಟ್ಟಿದ್ದು. ಬೇರೆಯವರ ಇಂಟರ್‌ನೆಟ್ ಮೇಲೆ ಅದು ಬರುವುದೇ ಇಲ್ಲ. ಅಂದರೆ ಎರಡನೇ ಫೈಬರ್ ಆ ದಿನ ನೆಟ್ಟಗಿದ್ದರೂ ನಮಗೆ ಒಂದು ಕರೆಯೂ ಬರುತ್ತಿರಲಿಲ್ಲ. ಎರಡು ವರ್ಷ ಅದಕ್ಕೆ ಸುಮ್ನೆ ದುಡ್ಡು ಕಟ್ಟಿದ್ದೆ.

"ಕರೆ ಎತ್ತದಿದ್ದರೆ ಮೊಬೈಲ್‌ಗೆ ಹೋಗಲಿ" ಅಂತ ಫಾರ್ವರ್ಡ್ ಕೂಡ ಇತ್ತು. ಆದರೆ ಅದನ್ನು ಹಾಕಿದ್ದು ನಮ್ಮ ಪಿಬಿಎಕ್ಸ್ ಒಳಗೆ. ಕರೆ ಪಿಬಿಎಕ್ಸ್ ತನಕ ಬಂದರೆ ತಾನೇ ಅದು ಫಾರ್ವರ್ಡ್ ಮಾಡೋದು? ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಮೈಸೂರಿನವರು ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಕಾರು ನಿಲ್ಲಿಸಿ, ರಸ್ತೆ ಮೇಲೆ ನೀರಿದೆಯಾ ಅಂತ ಕೇಳಲು ಹದಿನಾಲ್ಕು ಸಲ ಫೋನ್ ಮಾಡಿದ್ದಾರೆ. ಸಂಜೆ ಬೇರೆ ಕಡೆ ರೂಮ್ ಮಾಡಿಕೊಂಡರು. "ಕಾರಲ್ಲಿ ಚಿಕ್ಕ ಮಕ್ಕಳಿದ್ರು, ಒಂದು ಮಾತು ಹೇಳ್ಬಹುದಿತ್ತಲ್ವಾ ಸಾರ್" ಅಂದರು ಆಮೇಲೆ. ಅಡ್ವಾನ್ಸ್ ವಾಪಸ್ ಕೊಟ್ಟೆ. ಪಾಯಸ ನಾವೇ ತಿಂದೆವು.

ಈಗ ನಂಬರನ್ನು ಯಾವ ಇಂಟರ್‌ನೆಟ್ ಮೇಲಾದರೂ ಬರುವ ಕ್ಲೌಡ್ ವ್ಯವಸ್ಥೆಗೆ ಹಾಕಿಸಿದ್ದೇನೆ. ಫಾರ್ವರ್ಡ್ ಇರುವುದು ಆ ಕ್ಲೌಡ್ ಕಂಪನಿಯ ಕಡೆಯಲ್ಲಿ, ಎರಡು ಬೇರೆ ಕಂಪನಿಯ ಮೊಬೈಲ್‌ಗೆ. ಎರಡು ಯಾಕೆಂದರೆ ಇಲ್ಲಿ ಕರೆಂಟ್ ಒಂದು ದಿನ ಹೋದರೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಎರಡನೇ ಫೈಬರ್ ಬಿಟ್ಟೆ. ಅದು ಬೇರೆ ದಾರಿಯಲ್ಲಿ ಬರಲು ಸಾಧ್ಯವೇ ಇರಲಿಲ್ಲ.

ನೀವು ಹಾಕಿಸುವವರಾದರೆ, ದುಡ್ಡು ಕೊಡುವ ಮೊದಲು ಆ ಹುಡುಗನ ಎದುರೇ ಪರೀಕ್ಷೆ ಮಾಡಿ. ರೂಟರ್‌ನ ವೈರ್ ಕಿತ್ತರೆ ಸಾಲದು, ಡಬ್ಬಿಗೆ ಬರುವ ಫೈಬರನ್ನೇ ಬಿಚ್ಚಿಸಿ. ಬೇರೆ ಊರಿನ ಯಾರಿಂದಲಾದರೂ ಹೊರಗಿನ ನಂಬರಿಗೇ ಫೋನ್ ಮಾಡಿಸಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಇನ್ನೊಮ್ಮೆ ಮಾಡಿಸಿ. ಹೋದ ತಿಂಗಳು ನಾನು ಹಾಗೆ ಮಾಡಿದಾಗ ಪಿಬಿಎಕ್ಸ್‌ಗೆ ಯುಪಿಎಸ್ ಇತ್ತು, ಫೋನುಗಳಿಗೆ ಅದೇ ವೈರಲ್ಲಿ ಕರೆಂಟೂ ಕೊಡುವ ನೆಟ್‌ವರ್ಕ್ ಸ್ವಿಚ್ ಡಬ್ಬಿಗೆ ಇರಲಿಲ್ಲ. ಒಂಬತ್ತೂ ಫೋನು ಒಟ್ಟಿಗೆ ಆರಿದವು.