ಗ್ರ್ಯಾಬೋ ಕ್ಯಾಮೆರಾವೋ: ಕಾಂಗ್ಸ್‌ಫ್ಯೋರ್ಡನ್ ಕೆಸರಿನಲ್ಲಿ ಎರಡು ಬೇಸಿಗೆ

ಕಡಲ ತಳದ ಜೀವಿಗಳನ್ನು ಎಣಿಸಲು ಕ್ಯಾಮೆರಾ ಒಳ್ಳೆಯದೋ, ದವಡೆಯಂತೆ ಮುಚ್ಚಿಕೊಂಡು ಕೆಸರು ಕಚ್ಚಿ ತರುವ ಗ್ರ್ಯಾಬ್ ಒಳ್ಳೆಯದೋ? ಮೊದಲೇ ಹೇಳಿಬಿಡುತ್ತೇನೆ, ನಾನು ಗ್ರ್ಯಾಬ್ ಪಕ್ಷ. ಕಾರವಾರದಲ್ಲಿ ಎಂ.ಎಸ್ಸಿ. ಓದುವಾಗ ಕಾಳಿ ನದಿಯ ಅಳಿವೆಯಲ್ಲಿ ದೋಣಿಯಿಂದ ವ್ಯಾನ್ ವೀನ್ ಗ್ರ್ಯಾಬ್ ಇಳಿಸಿ, ಕೆಸರೆತ್ತಿ, ಜರಡಿಯಲ್ಲಿ ತೊಳೆದು ಹುಳು ಆರಿಸಿ ಪಳಗಿದ ಕೈ ಇದು. ಅಷ್ಟಿದ್ದೂ ನಾರ್ವೆಯ ಉತ್ತರದ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ ಹೊರಟ ವರ್ಷ ನಮ್ಮ ತಂಡದ ಸಲಕರಣೆ ದುಡ್ಡಿನ ಮುಕ್ಕಾಲು ಪಾಲು ನೀರೊಳಗಿನ ಕ್ಯಾಮೆರಾಕ್ಕೆ ಹೋಯಿತು. ಪಟ್ಟಿಗೆ ಹೂಂ ಅಂದವರಲ್ಲಿ ನಾನೂ ಒಬ್ಬ, ಹಾಗಾಗಿ ದೂರುವುದಕ್ಕೆ ಬಾಯಿಲ್ಲ.

ಜಾಗ ಅಲ್ಲಿನ ಸಂಶೋಧನಾ ಹಳ್ಳಿ ನಿ-ಆಲೆಸುಂಡ್, 79 ಡಿಗ್ರಿ ಉತ್ತರದ ಆಸುಪಾಸು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಎದುರಿಗೇ ಸುಮಾರು 20 ಕಿ.ಮೀ. ಉದ್ದದ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು, ಕಾಂಗ್ಸ್‌ಫ್ಯೋರ್ಡನ್, ಅದರ ಒಳತುದಿಯಲ್ಲಿ ನೇರ ಕಡಲಿಗೇ ಇಳಿಯುವ ಹಿಮನದಿಗಳು. ಹಿಮನದಿಯ ಬಾಯಿಂದ ಹೊರಕ್ಕೆ ಬಂದಂತೆ ತಳದ ಹುಳ, ಚಿಪ್ಪು, ನಕ್ಷತ್ರಮೀನಿನ ಬಳಗದ ಬ್ರಿಟಲ್ ಸ್ಟಾರ್‌ಗಳು ಹೇಗೆ ಬದಲಾಗುತ್ತವೆ ಎಂದು ಎಣಿಸುವುದು ನಮ್ಮ ಕೆಲಸ.

ಕ್ಯಾಮೆರಾದ ಕತೆ ಕೇಳಿ. ಸ್ಟೀಲಿನ ಚೌಕಟ್ಟು, ಎರಡು ದೀಪ, ಅಳತೆಗೆಂದು ಹತ್ತು ಸೆಂಟಿಮೀಟರ್ ಅಂತರದಲ್ಲಿ ಎರಡು ಲೇಸರ್ ಚುಕ್ಕೆ. ಗೋವಾದಲ್ಲಿ ನೀರಿನ ತೊಟ್ಟಿಗಿಳಿಸಿ ನೋಡಿದಾಗ ಕಣ್ಣು ಕೋರೈಸುವಂಥ ಚಿತ್ರ. ಮೇಲಿನಿಂದ ಫೋನಿನಲ್ಲಿ ಆ್ಯಪ್ ತೆರೆದು, ವೈಫೈ ಜೋಡಿಸಿ, ರೆಕಾರ್ಡ್ ಒತ್ತಿ ನೀರಿಗೆ ಬಿಟ್ಟರಾಯಿತು.

ನಿ-ಆಲೆಸುಂಡ್‌ನಲ್ಲಿ ವೈಫೈ ನಿಷಿದ್ಧ. ಬ್ಲೂಟೂತ್ ಕೂಡ. ಅಲ್ಲಿನ ದೊಡ್ಡ ರೇಡಿಯೋ ದೂರದರ್ಶಕಗಳು ಬಹುದೂರದ, ಪ್ರಕಾಶಮಾನ ಗ್ಯಾಲಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳಿಂದ ಬರುವ ಕ್ಷೀಣ ಸಂಕೇತ ಹಿಡಿದು ಭೂಮಿಯ ಅಲುಗಾಟ ಅಳೆಯುತ್ತವೆ. ಅದಕ್ಕಾಗಿ 20 ಕಿ.ಮೀ. ಸುತ್ತ 2ರಿಂದ 32 ಗಿಗಾಹರ್ಟ್ಸ್‌ವರೆಗೆ ರೇಡಿಯೋ ಮೌನ. ಬಳಸಲೇಬೇಕೆಂದರೆ ಮುಂಚೆಯೇ ಅನುಮತಿ ಪಡೆಯಬೇಕು. ಹೋದವರೆಲ್ಲ ಬಂದಿಳಿದ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುತ್ತಾರೆ. ಈ ನಿಯಮ ನಮಗೆ ಗೊತ್ತಿತ್ತು. ಕ್ಯಾಮೆರಾ ಕೂಡ ಒಂದು ವೈಫೈ ಯಂತ್ರವೇ ಅನ್ನುವುದು ಮಾತ್ರ ಒಬ್ಬರ ತಲೆಗೂ ಹೊಳೆದಿರಲಿಲ್ಲ ಮಾರಾಯ್ರೆ!

ಉಳಿದದ್ದು ಒಂದೇ ದಾರಿ. ಪ್ರತಿ ಸಲವೂ ಕವಚ ಬಿಚ್ಚಿ, ಒಳಗಿನ ಗುಂಡಿ ಒತ್ತಿ, ಮತ್ತೆ ಮುಚ್ಚುವುದು. ಮುಚ್ಚುವ ಮುನ್ನ ರಬ್ಬರ್ ರಿಂಗ್ ಒರೆಸಿ ಗ್ರೀಸ್ ಸವರಬೇಕು. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಇದನ್ನೆಲ್ಲ ಗಾಳಿಗೆ ಓಲಾಡುವ ದೋಣಿಯಲ್ಲಿ, ಕೈಗವಸು ಕಳಚಿ, ಮರಗಟ್ಟಿದ ಬೆರಳಿನಲ್ಲಿ ಮಾಡಿ ನೋಡಿ. ಕ್ಯಾಬಿನ್ನಿನ ಬೆಚ್ಚಗೆ ಹೋಗಿ ಮುಚ್ಚಿದೆವು ಅನ್ನಿ, ಒಳಗೆ ಸಿಕ್ಕಿದ ಬಿಸಿ ಗಾಳಿ ತಳದ ಚಳಿಗೆ ಬೆವರಿ ಗಾಜು ಪೂರಾ ಮಬ್ಬು. ಸಿಲಿಕಾ ಜೆಲ್ ಪೊಟ್ಟಣ ತುರುಕಿದ ಮೇಲೆ ಅದೊಂದು ಸರಿಹೋಯಿತು. ಚಿತ್ರ ಹೇಗೆ ಬಂತೆಂದು ಮೇಲೆತ್ತಿ ಮತ್ತೆ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಒಂದು ಮಧ್ಯಾಹ್ನವಿಡೀ ನಾವು ಚಿತ್ರಿಸಿದ್ದು ಚೌಕಟ್ಟಿನದೇ ಒಂದು ಕಾಲನ್ನು. ಕೇಬಲ್ಲಿನಲ್ಲೇ ಚಿತ್ರ ಮೇಲೆ ಕಳಿಸುವ ಮಾದರಿಯೂ ಇತ್ತು. ಬೆಲೆ ನೋಡಿ ನಾವೇ ಬೇಡವೆಂದಿದ್ದೆವು.

ವೈಫೈ ಇದ್ದಿದ್ದರೂ ಹಿಮನದಿ ಬುಡದಲ್ಲಿ ದೊಡ್ಡ ಲಾಭವಿರಲಿಲ್ಲ. ಬೇಸಿಗೆಯ ಕರಗು ನೀರು ಅಲ್ಲಿ ಕೆಂಪು ಮಣ್ಣು ಹೊತ್ತು ತರುತ್ತದೆ. ಆಷಾಢದ ಕಾಳಿ ನದಿಯೇ ನೆನಪಾಯಿತು ನನಗೆ. ದೀಪ ಹಾಕಿದರೆ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದ ಹಾಗೆ. ಇನ್ನು ಅಲ್ಲಿ ಬದುಕುವವರಾದರೂ ಯಾರು? ಚೇಟೋಜೋನ್‌ನಂಥ ಪಾಲಿಕೀಟ್ ಹುಳುಗಳು, ಥಯಾಸಿರಾ, ಯೋಲ್ಡಿಯೆಲ್ಲಾದಂಥ ಸಣ್ಣ ಚಿಪ್ಪುಗಳು. ಎಲ್ಲವೂ ಕೆಸರಿನ ಒಳಗೇ ಹುದುಗಿರುವಂಥವು. ಕ್ಯಾಮೆರಾಕ್ಕೆ ಕಾಣುವುದು ಬೋಳು ಬಯಲು.

ಈಗ ಗ್ರ್ಯಾಬ್. ನಮ್ಮದು 250 ಚದರ ಸೆಂಟಿಮೀಟರ್ ಕಚ್ಚುವ ಚಿಕ್ಕದು, ನಾಲ್ಕು ಸಲ ಎತ್ತಿದರೆ 0.1 ಚದರ ಮೀಟರ್ ಲೆಕ್ಕ. ಹಗ್ಗ, ಚಿಕ್ಕ ವಿಂಚು, 0.5 ಮಿ.ಮೀ. ಜರಡಿ, ಫಾರ್ಮಲಿನ್, ಹುಳುಗಳಿಗೆ ಗುಲಾಬಿ ಬಣ್ಣ ಹಿಡಿಸುವ ರೋಸ್ ಬೆಂಗಾಲ್. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ.

ಇದಕ್ಕೂ ಒಂದು ಕಾಟವಿದೆ, ಕಲ್ಲು. ತೇಲುವ ಹಿಮಗಡ್ಡೆಗಳು ಹೊತ್ತು ತಂದ ಕಲ್ಲುಗಳನ್ನು ಕರಗುತ್ತಾ ದಾರಿಯುದ್ದಕ್ಕೂ ಉದುರಿಸಿರುತ್ತವೆ. ನೆಲ್ಲಿಕಾಯಿ ಗಾತ್ರದ್ದೊಂದು ದವಡೆಗೆ ಸಿಕ್ಕರೆ ಸಾಕು, ಮೇಲೆ ಬರುವಷ್ಟರಲ್ಲಿ ಕೆಸರೆಲ್ಲ ಸೋರಿ ಖಾಲಿ. ಅಂಥದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಚೆಲ್ಲಿ ಮತ್ತೆ ಇಳಿಸಬೇಕು. ಒಂದು ಕಡೆ ಏಳು ಸಲ ಇಳಿಸಿ ಮೂರು ಗಳಿಸಿದೆವು. ಆದರೂ ತಪ್ಪಿದ್ದು ಅಲ್ಲೇ ಕಣ್ಣಿಗೆ ಕಾಣುತ್ತದೆ, ಅಲ್ಲೇ ತಿದ್ದಿಕೊಳ್ಳಬಹುದು. ಹಿಮನದಿ ಅರೆದ ನುಣ್ಣನೆ ಜೇಡಿ ಜರಡಿ ಕಟ್ಟಿಸುತ್ತದೆ ಅನ್ನುವುದು ನಿಜ, ತಾಳ್ಮೆಯಿಂದ ತೊಳೆಯಬೇಕು.

ತಳ ಗೀಚುತ್ತಾ ಎಳೆಯುವ ಅಗಸೀಜ್ ಬಲೆಯನ್ನೂ ಒಮ್ಮೆ ಎಳೆದೆವು: ಬ್ರಿಟಲ್ ಸ್ಟಾರ್‌ಗಳ ತೋಳು ಬೇರೆ ಮೈ ಬೇರೆ, ಎಷ್ಟು ಜಾಗದ್ದು ಎಂಬ ಲೆಕ್ಕವೂ ಇಲ್ಲ.

ಕ್ಯಾಮೆರಾಕ್ಕೆ ಅನ್ಯಾಯ ಮಾಡಬಾರದು. ಬಂಡೆಯ ಮೇಲೆ ಗ್ರ್ಯಾಬ್ ಠಣ್ ಎಂದು ಬಡಿದು ವಾಪಸ್ ಬರುತ್ತದೆ, ಅಲ್ಲಿ ಫೋಟೋವೇ ಗತಿ. ಇದೇ ಫ್ಯೋರ್ಡಿನ ಹೊರಬಾಯಿಯ ಬಂಡೆಗಳನ್ನು ನಾರ್ವೆಯ ಮುಳುಗುಗಾರರು 1980ರಿಂದ ಫೋಟೋ ಹಿಡಿಯುತ್ತಾ ಬಂದದ್ದರಿಂದಲೇ 1990ರ ದಶಕದ ನಡುವೆ ಪಾಚಿ ಏಕಾಏಕಿ ಹಬ್ಬಿದ್ದು ತಿಳಿದದ್ದು. ಗ್ರ್ಯಾಬಿನಿಂದ ಅದು ಆಗುವ ಮಾತಲ್ಲ.

ನಿಮ್ಮ ಕೆಲಸ ಬಂಡೆಯ ಮೇಲಾದರೆ, ಕೇಬಲ್ ಮಾದರಿ ಕೊಳ್ಳುವ ದುಡ್ಡೂ ಇದ್ದರೆ ಅದನ್ನೇ ಕೊಳ್ಳಿ. ನನ್ನದು ಕೆಸರು, ದೋಣಿ ಸಿಗುವುದು ವಾರಕ್ಕೆರಡು ದಿನ, ಆ ಕ್ಯಾಮೆರಾದ ಬೆಲೆಗೆ ಮೂರು ಗ್ರ್ಯಾಬ್ ಬರುತ್ತಿದ್ದವು. ಎರಡನೇ ಬೇಸಿಗೆಗೆ ಗ್ರ್ಯಾಬಿಗೆ ನಾಲ್ಕು ಕೆ.ಜಿ. ಸೀಸ ಕಟ್ಟಿಸಿ, ಕಲ್ಲು ಕೀಳಲು ಒಂದು ಇಕ್ಕಳ ಇಟ್ಟುಕೊಂಡು ಹೋದೆ. ಕ್ಯಾಮೆರಾ ಗೋವಾದ ಕಪಾಟಿನಲ್ಲಿದೆ, ಅಲ್ಲಿ ವೈಫೈ ಚೆನ್ನಾಗಿ ಸಿಗುತ್ತದೆ.