ಫೋನು, ಆಲ್ಬಮ್, ಇನ್‌ಸ್ಟಂಟ್ ಕ್ಯಾಮೆರಾ: ಪ್ರವಾಸದ ನೆನಪು ಎಲ್ಲಿ ಉಳಿಯಿತು?

ನನ್ನ ಮೂರು ಪ್ರವಾಸಗಳ ಫೋಟೋಗಳು ಮೂರು ಕಡೆ ಇವೆ. ಬೆಟ್ಟಕ್ಕೆ ಹೋದದ್ದು ಫೋನಿನಲ್ಲಿ, ಕಡಲ ತೀರದ್ದು ಪ್ರಿಂಟ್ ಹಾಕಿಸಿದ ಆಲ್ಬಮ್ಮಿನಲ್ಲಿ, ಕೋಟೆ ನೋಡಲು ಹೋದದ್ದು, ತೆಗೆದ ತಕ್ಷಣ ಚಿತ್ರವನ್ನು ಹಾಳೆಯ ಮೇಲೆ ಹೊರಗೆ ಕೊಡುವ ಇನ್‌ಸ್ಟಂಟ್ ಕ್ಯಾಮೆರಾದ ಪುಟ್ಟ ಚಿತ್ರಗಳಲ್ಲಿ. ಲೆಕ್ಕ ಹಾಕಿ ಮಾಡಿದ್ದೇನಲ್ಲ. ಒಂದು ಬೇಜಾರಾಗಿ ಇನ್ನೊಂದಕ್ಕೆ ಹೋದೆ, ಅಷ್ಟೇ. ಹೋದ ತಿಂಗಳು ಮೂರನ್ನೂ ಒಟ್ಟಿಗೆ ಹರಡಿಕೊಂಡು ಕೂತೆ. ನನ್ನ ಪರೀಕ್ಷೆ ಒಂದೇ: ಫೋಟೋ ನೋಡಿದಾಗ, ಅದರಲ್ಲಿ ಕಾಣದ ಏನಾದರೂ ನೆನಪಿಗೆ ಬರುತ್ತದಾ?

ಫೋನಿನಲ್ಲಿ ನಾಲ್ಕು ದಿನಕ್ಕೆ 1,140 ಫೋಟೋ ಇದ್ದವು. ಒಂದೇ ಜಲಪಾತ 37 ಸಲ. ಯಾಕೆ 37 ಎಂದು ಕೇಳಬೇಡಿ. ಹುಡುಕುವ ವಿಷಯದಲ್ಲಿ ಫೋನನ್ನು ಮೀರಿಸುವುದು ಯಾವುದೂ ಇಲ್ಲ. ಪ್ರತಿ ಫೋಟೋದ ಫೈಲಿನೊಳಗೆ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ. ತೆಗೆದ ದಿನ, ಗಂಟೆ, ಲೊಕೇಶನ್ ಆನ್ ಇದ್ದರೆ ಜಾಗವೂ ಅದರಲ್ಲಿ ಸೇರಿರುತ್ತದೆ. ಮ್ಯಾಪ್ ತೆರೆದರೆ ನಾವು ನಡೆದ ದಾರಿಯೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಆದರೆ ಜೊತೆಗೆ ಬಂದವರು ಚಾಟ್ ಆಪಿನಲ್ಲಿ ಕಳಿಸಿದ ಫೋಟೋಗಳು ಕುಗ್ಗಿ ಬಂದವು, ಒಳಗಿನ ಮಾಹಿತಿಯೂ ಹೋಗಿತ್ತು. ಮೊದಲ ದಿನದ ಸೂರ್ಯೋದಯ ಮನೆಗೆ ಬಂದ ಮಾರನೇ ದಿನದ ತಾರೀಖಿನಲ್ಲಿ ಕೂತಿದೆ. ಈಗ ಫೈಲ್ ಆಗಿ ಕಳಿಸಿ ಅಂತ ಕೇಳುತ್ತೇನೆ. ಇನ್ನೊಂದು ಪಾಠ ಕಷ್ಟದ್ದು. ಕ್ಲೌಡ್‌ನಲ್ಲಿ ಇದೆಯಲ್ಲಾ ಎಂದುಕೊಂಡು ಜಾಗಕ್ಕಾಗಿ ಫೋನಿನಿಂದ ಅಳಿಸಿದೆ. ಸಿಂಕ್ ಆನ್ ಇತ್ತು, ಅಂದರೆ ಫೋನಿನಲ್ಲಿ ಮಾಡಿದ್ದು ಕ್ಲೌಡಿನಲ್ಲೂ ಆಗುತ್ತದೆ; ಅಲ್ಲೂ ಅಳಿದುಹೋಯಿತು. ಟ್ರ್ಯಾಶ್ ಫೋಲ್ಡರ್ ಇದ್ದದ್ದಕ್ಕೆ ಬಚಾವಾದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ ಎಂದು ಅವತ್ತು ತಿಳಿಯಿತು.

ಇಷ್ಟೆಲ್ಲ ಇದ್ದೂ ನನ್ನ ಪರೀಕ್ಷೆಯಲ್ಲಿ ಫೋನು ಸೋತಿತು. ಸಾವಿರ ಫೋಟೋ ತಳ್ಳುತ್ತಾ ಹೋದೆ, ಜಲಪಾತದ ಸದ್ದು ನೆನಪಾಗಲಿಲ್ಲ. ಇದು ನನ್ನೊಬ್ಬನ ಕಥೆ ಅಲ್ಲವಂತೆ. ಲಿಂಡಾ ಹೆಂಕಲ್ ಎಂಬ ಮನಶ್ಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು ಪ್ರಯೋಗ ಮಾಡಿದ್ದರು. ಅದು 2014ರಲ್ಲಿ ಪ್ರಕಟವಾಯಿತು. ಸುಮ್ನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳ ನೆನಪು ಕಡಿಮೆ ಇತ್ತು. ಆದರೆ ಜೂಮ್ ಮಾಡಿ ಒಂದು ಭಾಗವನ್ನು ಮಾತ್ರ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ನನಗೆ ಇದು ತುಂಬಾ ಸರಿ ಅನ್ನಿಸಿತು. ಜಲಪಾತದ 37 ಫೋಟೋ ಏನೂ ಹೇಳಲಿಲ್ಲ, ಒದ್ದೆಯಾಗಿ ಬಾಯಿ ತೆರೆದಿದ್ದ ನನ್ನ ಶೂ ಫೋಟೋ ಮಾತ್ರ ಆ ಇಡೀ ಮಧ್ಯಾಹ್ನವನ್ನು ವಾಪಸ್ ತಂದಿತು.

ಆಲ್ಬಮ್ಮಿಗೆ 600 ಫೋಟೋಗಳಲ್ಲಿ 48 ಆರಿಸಿದೆವು. ಮೂರು ಸಂಜೆ ಹಿಡಿಯಿತು. ಅಕ್ಕನಿಗೂ ನನಗೂ ಜಗಳವೇ ಆಯಿತು. ಅವಳಿಗೆ ಅವಳು ಚೆನ್ನಾಗಿ ಕಾಣುವ ಫೋಟೋ ಬೇಕು, ನನಗೆ ದೋಣಿ ಬೇಕು. ಆ ಜಗಳದಲ್ಲೇ ಅರ್ಧ ಪ್ರವಾಸ ಮತ್ತೆ ಮಾಡಿದ ಹಾಗಾಯಿತು.

ಪ್ರಿಂಟ್ ಹಾಕಿಸುವವರಿಗೆ ಒಂದು ಮಾತು. ನಾಲ್ಕು ಆರು ಇಂಚಿನ ಪ್ರಿಂಟಿಗೆ 1800 × 1200 ಪಿಕ್ಸೆಲ್ ಸಾಕು, ಅಂದರೆ ಸುಮಾರು ಎರಡು ಮೆಗಾಪಿಕ್ಸೆಲ್. ಹಾಗಾಗಿ ಹಳೇ ಫೋನಿನ ಫೋಟೋನೂ ನಡೆಯುತ್ತದೆ. ತೊಂದರೆ ಇರುವುದು ಆಕಾರದಲ್ಲಿ. ಉದ್ದ-ಅಗಲದ ಲೆಕ್ಕದಲ್ಲಿ ಫೋನಿನ ಫೋಟೋ ಸಾಮಾನ್ಯವಾಗಿ 4:3, ಈ ಪ್ರಿಂಟು 3:2. ಅಡ್ಡ ಫೋಟೋ ಆದರೆ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಉದ್ದ ಇರುವ ಭಾವನಿಗೆ ಆರು ಪ್ರಿಂಟಿನಲ್ಲಿ ತಲೆಯೇ ಇಲ್ಲ. ಕಳಿಸುವ ಮೊದಲು ನೀವೇ ಕ್ರಾಪ್ ಮಾಡಿಕೊಳ್ಳಿ. ಅಂಟು ಹಾಳೆಯ ಆಲ್ಬಮ್ ಬೇಡ, ವರ್ಷಗಳಾದ ಮೇಲೆ ಫೋಟೋ ಕಿತ್ತುಬರುವುದಿಲ್ಲ. ಹಿಂದೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಲೂಬೇಡಿ, ಮುಂದೆ ಗೆರೆ ಉಬ್ಬುತ್ತದೆ.

ಇನ್ನು ಇನ್‌ಸ್ಟಂಟ್ ಕ್ಯಾಮೆರಾ. ನನ್ನ ಬಳಿ ಇದ್ದದ್ದು ಇನ್‌ಸ್ಟಾಕ್ಸ್ ಮಿನಿ. ಚಿತ್ರ 62 × 46 ಮಿಲಿಮೀಟರ್, ಒಂದು ಪ್ಯಾಕಿನಲ್ಲಿ ಹತ್ತೇ ಹಾಳೆ. ಎರಡು ಪ್ಯಾಕ್ ಒಯ್ದಿದ್ದೆ, ಮೂರು ದಿನಕ್ಕೆ ಇಪ್ಪತ್ತು ಫೋಟೋ. ಪ್ರತಿ ಸಲವೂ ಇದು ಬೇಕಾ ಎಂದು ನಿಂತು ನೋಡಬೇಕು, ಅದೇ ಅದರ ಗುಣ. ಫೋಟೋಗಳು ಮಾತ್ರ ಮೂರರಲ್ಲಿ ಅತಿ ಕೆಟ್ಟವು. ರಾತ್ರಿ ಫ್ಲಾಶ್ ಹಾಕಿದರೆ ಮುಖ ಬೆಳ್ಳಗೆ, ಹಿಂದೆ ಕಗ್ಗತ್ತಲು, ಕೋಟೆ ಮಾಯ. ನೆಗೆಟಿವ್ ಇಲ್ಲ, ಇದ್ದದ್ದು ಒಂದೇ ಪ್ರತಿ. ಬೆಳಕಿಗೆ ಇಟ್ಟರೆ ಬಣ್ಣವೂ ಮಾಸುತ್ತದೆ.

ಆದರೂ ಪರೀಕ್ಷೆಯಲ್ಲಿ ಗೆದ್ದದ್ದು ಇದೇ. ಇಪ್ಪತ್ತರಲ್ಲಿ ಹದಿನೇಳರ ಹಿಂದುಮುಂದು ನನಗೆ ಪೂರ್ತಿ ನೆನಪಿದೆ. ಕ್ಯಾಮೆರಾಗೆ ಶಭಾಷ್ ಅನ್ನುವವನಿದ್ದೆ, ಆಮೇಲೆ ನೋಟ್‌ಬುಕ್ ಕಡೆ ಕಣ್ಣು ಹೋಯಿತು. ಚಿತ್ರ ಅಂಟಿಸಲು ಒಯ್ದಿದ್ದ ಪುಸ್ತಕದಲ್ಲಿ ಪ್ರತಿ ರಾತ್ರಿ ಫೋಟೋಗೊಂದು ಸಾಲು ಗೀಚಿದ್ದೆ. "ಮೆಟ್ಟಿಲು ಎಣಿಸುತ್ತಾ ಇಬ್ಬರಿಗೂ ಬೇರೆ ಬೇರೆ ಲೆಕ್ಕ." "ಮಳೆ. ಕಾವಲುಗಾರನ ಕೊಡೆಯಡಿ ನಾಲ್ಕು ಜನ." ಸಾಲು ಬರೆಯದ ಮೂರು ಫೋಟೋ ಯಾವುವೆಂದು ನನಗೆ ಈಗಲೂ ಗೊತ್ತಿಲ್ಲ. ನಿಜವಾಗಿ ಗೆದ್ದದ್ದು ಪೆನ್ನು, ಅಲ್ವಾ?

ಹಾಗಾಗಿ ಈಗ ಫೋನಿನಲ್ಲೇ ತೆಗೆಯುತ್ತೇನೆ. ರಾತ್ರಿ ಮಲಗುವ ಮುಂಚೆ ಆ ದಿನದ್ದು ಐದು ಆರಿಸಿ, ಒಂದೊಂದಕ್ಕೂ ಒಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಆಪಿನ ಕ್ಯಾಪ್ಶನ್ ಜಾಗದಲ್ಲಿ ಬರೆದು ನೋಡಿದೆ, ಫೋಟೋ ಬೇರೆ ಕಡೆಗೆ ಸಾಗಿಸಿದಾಗ ಆ ಸಾಲು ಜೊತೆಗೆ ಬರಲಿಲ್ಲ. ಊರಿಗೆ ಬಂದ ಮೇಲೆ ಪ್ರಿಂಟ್ ಹಾಕಿಸಿ ಆಯಾ ಸಾಲಿನ ಪಕ್ಕ ಅಂಟಿಸುತ್ತೇನೆ. ಇನ್‌ಸ್ಟಂಟ್ ಕ್ಯಾಮೆರಾ ಅಕ್ಕನ ಮಗಳ ಕೈಯಲ್ಲಿದೆ. ಮೊದಲ ಪ್ಯಾಕಿನ ಹತ್ತೂ ಹಾಳೆಯಲ್ಲಿ ಅವಳ ಸ್ವಂತ ಕಾಲುಗಳೇ ಇವೆ.