ಕುಳ್ಳ ಕ್ರ್ಯಾಬ್‌ಆಪಲ್ ತಗೊಳ್ಳೋ ಮುಂಚೆ ಕಸಿ ಗಂಟಿನ ಮೇಲೆ ಕೆರೆದು ನೋಡಿ. ಮೇಲೆ! ಕೆಳಗಲ್ಲ!

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಮನೆ ಮುಂದೆ ಹೂವಿನ ಕ್ರ್ಯಾಬ್‌ಆಪಲ್ (ಪುಟ್ಟ ಹಣ್ಣಿನ ಸೇಬಿನ ಜಾತಿ ಮರ) ಹಾಕ್ಬೇಕು ಅಂತಿರೋರು ದಯವಿಟ್ಟು ಓದಿ. ನವೆಂಬರ್ ಕೊನೇ ಡಿಸ್ಕೌಂಟಲ್ಲಂತೂ ತಗೊಳ್ಳಲೇಬೇಡಿ. ಎಲೆ ಉದುರಿದ ಮೇಲೆ ಸತ್ತ ಕೊಂಬೆಗೂ ಬದುಕಿರೋ ಕೊಂಬೆಗೂ ದೂರದಿಂದ ವ್ಯತ್ಯಾಸವೇ ಕಾಣಲ್ಲ.

ನಾನು ತಂದಿದ್ದು ‘ಟೀನಾ’. ಸಾರ್ಜೆಂಟ್ ಕ್ರ್ಯಾಬ್‌ಆಪಲ್ ಅನ್ನೋ ಜಾತಿಯ ಕುಳ್ಳ ತಳಿ. ಕೆಂಪು ಮೊಗ್ಗು, ಬಿಳಿ ಹೂ, ಎತ್ತರ ಹೆಚ್ಚುಕಮ್ಮಿ 5 ಅಡಿ. ಕಿಟಕಿ ಮುಂದೆ ಹಾಕೋಕೆ ಹೇಳಿ ಮಾಡಿಸಿದ ಗಿಡ. ಮರದ ಆಕಾರದಲ್ಲಿ ಮಾರೋ ಟೀನಾಗೆ ಕಾಂಡ ತನ್ನದಲ್ಲ. ಬೇರೆ ಬೇರುಸಸಿ ಬೆಳೆಸಿ, ಅದರ ನೆಟ್ಟಗಿನ ಕಾಂಡದ ತಲೆಗೆ ಕಸಿ ಕಟ್ಟಿರ್ತಾರೆ. ಗಂಟಿನ ಮೇಲಿರೋದಷ್ಟೇ ಟೀನಾ, ಕೆಳಗಿರೋದು ಇನ್ಯಾವುದೋ.

ಇದು ಗೊತ್ತಿಲ್ಲದ ವಿಷಯವಲ್ಲ. ಊರಲ್ಲಿ ಕಸಿ ಮಾವು ತಗೊಂಡ್ರೂ ಮೊದಲು ನೋಡೋದು ಗಂಟನ್ನೇ. ಆದ್ರೂ ಟೋಪಿ ಹಾಕಿಸಿಕೊಂಡೆ. ಹೇಗೆ ಅಂದ್ರೆ, “ಗಿಡ ಜೀವಂತ ಇದೆಯಾ?” ಅಂದಿದ್ದಕ್ಕೆ ನರ್ಸರಿಯವನು ಬಗ್ಗಿ, ಉಗುರಲ್ಲಿ ತೊಗಟೆ ಕೆರೆದು, “ನೋಡಿ ಸಾರ್, ಹಸಿರು” ಅಂದ. ಹಸಿರೇ ಇತ್ತು. ಕೆರೆದಿದ್ದು ಕಾಂಡದಲ್ಲಿ, ಗಂಟಿಗಿಂತ ಒಂದಡಿ ಕೆಳಗೆ! ಅವನು ಬಗ್ಗಿದಾಗಲೇ ಹೊಳೀಬೇಕಿತ್ತು. ಹೊಳೀಲಿಲ್ಲ. 180 ಡಾಲರ್ ಕೊಟ್ಟು, “ಥ್ಯಾಂಕ್ಸ್” ಬೇರೆ ಹೇಳಿ ಬಂದೆ.

ಏಪ್ರಿಲ್‌ನಲ್ಲಿ ಬೀದಿಯ ಕ್ರ್ಯಾಬ್‌ಆಪಲ್ಲೆಲ್ಲ ಮೊಗ್ಗು ಬಿಟ್ಟವು. ಇದರ ತಲೆ ಬೋಳು. ಗಂಟಿನ ಮೇಲೆ ಕೆರೆದ್ರೆ ಒಣ ಕಂದು. ಲೇಬಲ್ಲಿನ ಪ್ಲಾಸ್ಟಿಕ್ ಪಟ್ಟಿ ಗಂಟಿನ ಮೇಲ್ಗಡೆ ತೊಗಟೆಯೊಳಗೇ ಹೂತುಹೋಗಿತ್ತು. ಕಾಂಡ ದಪ್ಪ ಆಗ್ತಾ ಹೋದ ಹಾಗೆ ಪಟ್ಟಿ ಕತ್ತು ಹಿಸುಕಿದೆ, ತಲೆ ಒಣಗಿದೆ. ಮೇನಲ್ಲಿ ಗಂಟಿನ ಕೆಳಗಿಂದ, ಬುಡದಿಂದ ನೆಟ್ಟಗಿನ ಚಿಗುರು ಎದ್ದವು. ಒಂದೇ ಬೇಸಿಗೆಗೆ 3 ಅಡಿ.

ಫೋಟೋ ಸಮೇತ ನರ್ಸರಿಗೆ ಬರೆದೆ. ಮೊದಲ ಉತ್ತರ: “ಈ ಜಾತಿ ತಡವಾಗಿ ಚಿಗುರುತ್ತೆ, ನೀರು ಹಾಕಿ.” ಹಾಕ್ತಾನೇ ಇದ್ದೆ. ಕಾಂಡದ ದಪ್ಪ ಇಂಚಿಗೆ ವಾರಕ್ಕೆ 10 ಗ್ಯಾಲನ್. ಗುಂಡಿ ಬೇರಿನ ಉಂಡೆಯ ಎರಡು ಪಟ್ಟು ಅಗಲ, ಆಳ ಉಂಡೆಯಷ್ಟೇ. ಮಲ್ಚ್ (ಬುಡದ ಸುತ್ತ ಹಾಸೋ ಹೊದಿಕೆ) 3 ಇಂಚು, ಕಾಂಡಕ್ಕೆ ತಾಗದ ಹಾಗೆ. ದಿನಕ್ಕೆ 6 ಗಂಟೆ ಮೇಲೆ ಬಿಸಿಲು. ಇನ್ನೇನು ಮಾಡ್ಬೇಕಿತ್ತು?

ಎರಡನೇ ಉತ್ತರ: “ಫೋಟೋದಲ್ಲಿ ಎಲೆ ಚೆನ್ನಾಗಿ ಬಂದಿದೆಯಲ್ಲ!” ಅದು ಬೇರುಸಸಿಯ ಎಲೆ ಮಾರಾಯಾ!

ವಾರಂಟಿ ಕೇಳಿದ್ರೆ: “ಸತ್ತ ಮರಕ್ಕೆ ಮಾತ್ರ ವಾರಂಟಿ. ನಿಮ್ಮ ಮರ ಬದುಕಿದೆ.” ಹೌದು, ಬದುಕಿದೆ. ಕೊಂಡ ಮರ ಸತ್ತಿದೆ, ಕೊಳ್ಳದ ಮರ ಬದುಕಿದೆ. ಹಾಗಾದ್ರೆ ಕೆಳಗಿನ ಚಿಗುರೆಲ್ಲ ತೆಗೀತೀನಿ, ಕಸಿ ಗಿಡಕ್ಕೆ ತೆಗೀಲೇಬೇಕಲ್ಲ, ಆಗ ಪೂರ್ತಿ ಸಾಯುತ್ತೆ, ಆಗ ಕೊಡ್ತೀರಾ ಅಂದೆ. “ನೀವೇ ಕತ್ತರಿಸಿ ಸಾಯಿಸಿದ್ರೆ ನಾವು ಜವಾಬ್ದಾರರಲ್ಲ.” ಆ ಸಾಲನ್ನ ಎಷ್ಟು ಸಲ ಓದಿದೆನೋ.

ತಗೊಳ್ಳೋದಿದ್ರೆ ಏಪ್ರಿಲ್ ಕೊನೆ, ಮೇನಲ್ಲಿ, ಹೂವಿರುವಾಗ ತಗೊಳ್ಳಿ. ಗಂಟಿನ ಮೇಲಿನ ಮೂರ್ನಾಲ್ಕು ಕೊಂಬೆ ನೀವೇ ಕೆರೆದು ನೋಡಿ, ಅವನ ಕೈಗೆ ಬಿಡಬೇಡಿ. ಕುಂಡದ ಮಣ್ಣು ಕೆದಕಿ: ಕಾಂಡ ಅಗಲವಾಗಿ ಬೇರಿಗೆ ತಿರುಗೋ ಜಾಗ ಮೇಲೇ ಕಾಣ್ಬೇಕು. ಹೂತಿದ್ರೆ, ಬೇರು ಕಾಂಡಕ್ಕೆ ಸುತ್ತಿದ್ರೆ ಬಿಟ್ಟುಬಿಡಿ. ಮನೆಗೆ ತಂದ ದಿನವೇ ಲೇಬಲ್ ಪಟ್ಟಿ ಕತ್ತರಿಸಿ. ಕೆಳಗಿನ ಚಿಗುರು ಎಳೆಯದಾಗಿದ್ದಾಗಲೇ ಬುಡಸಮೇತ ಕಿತ್ತುಹಾಕಿ. ವಾರಂಟಿ ಕಾಗದದಲ್ಲಿ “ಕಸಿ ಭಾಗ ಸತ್ತರೂ ಬದಲಿ” ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ವಾಪಸ್ ಬನ್ನಿ.

ನನ್ನ ಕಿಟಕಿ ಮುಂದೆ ಈಗ ಹೆಸರು ಗೊತ್ತಿಲ್ಲದ ಮರ ಬೆಳೀತಿದೆ. ಚಿಗುರಿನ ಅರ್ಧ ಎಲೆ ಆಗಲೇ ಸ್ಕ್ಯಾಬ್ ರೋಗಕ್ಕೆ ಕಪ್ಪು ಚುಕ್ಕೆ ಬಿದ್ದು ಉದುರಿವೆ. ಅಗೆಯೋಕೆ ಕೇಳಿದ್ರೆ 150 ಡಾಲರ್ ಅಂತೆ.